ಗೋಡೆ ಕಟ್ಟಿಸಿದವನ ಊರಿಗೆ

ಶನಿವಾರ, ಕಾರ್ಬ್ರಿಜ್

ನ್ಯೂಕ್ಯಾಸಲ್‌ನಿಂದ ಪಶ್ಚಿಮಕ್ಕೆ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಕಾರ್ಬ್ರಿಜ್. ಟೈನ್ ನದಿಯ ಪಕ್ಕದ ಸಣ್ಣ ಊರು. ರೋಮನ್ ಚಕ್ರವರ್ತಿ ಹೇಡ್ರಿಯನ್ ಕಟ್ಟಿಸಿದ ಗಡಿಗೋಡೆ ನೋಡಲು ಬಂದವರು ದಾರಿಯಲ್ಲೇ ಇದೆ ಅಂತ ಇಲ್ಲಿ ಇಳಿಯುತ್ತಾರೆ, ಕಾಫಿ ಕುಡಿದು ನಾಲ್ಕು ಫೋಟೊ ತೆಗೆದು ಹೊರಡುತ್ತಾರೆ. ನಮಗೆ ಹೇಡ್ರಿಯನ್ ಬೇಕಿರಲಿಲ್ಲ. ಬೇಕಿದ್ದವನು ಕ್ವಿಂಟಸ್ ಲೊಲ್ಲಿಯಸ್ ಉರ್ಬಿಕಸ್.

ನಮಗೆ ಅಂದೆನಲ್ಲ, ನಿಜ ಹೇಳಬೇಕೆಂದರೆ ಬೇಕಿದ್ದದ್ದು ನನಗೊಬ್ಬನಿಗೇ. ಅಕ್ಕ-ಭಾವ ಗ್ಲ್ಯಾಸ್ಗೋದಲ್ಲಿದ್ದಾರೆ. ಭಾವನಿಗೆ ಉದ್ದ ಡ್ರೈವ್ ಅಂದರೆ ಇಷ್ಟ, ಹಳೆ ಕಲ್ಲು ಅಂದರೆ ಅಷ್ಟಕ್ಕಷ್ಟೇ.

"ಯಾರೋ ಅದು ಉರ್ಬಿಕಸ್ಸು?"

"ರೋಮನ್ ಸೆನೆಟರ್ ಭಾವ. ಬ್ರಿಟನ್ನಿಗೆ ಗವರ್ನರ್ ಆಗಿದ್ದ. ನಿಮ್ಮ ಮನೆ ಹತ್ತಿರ ಆಂಟೊನೈನ್ ಗೋಡೆ ಇದೆಯಲ್ಲ, ಅದನ್ನು ಕಟ್ಟಿಸಿದವನು."

"ಅಲ್ಲ ಮಾರಾಯ, ಹೆಸರೇ ಹೇಳುತ್ತಲ್ಲ, ಆಂಟೊನೈನಸ್ ಕಟ್ಟಿಸಿದ್ದು ಅಂತ."

ನನ್ನ ತಕರಾರು ಇರುವುದೇ ಇಲ್ಲಿ. ಆಂಟೊನೈನಸ್ ಪಯಸ್ ಕ್ರಿ.ಶ. 138ರಿಂದ 161ರವರೆಗೆ ಚಕ್ರವರ್ತಿಯಾಗಿದ್ದ. ಅಷ್ಟೂ ವರ್ಷ ಇಟಲಿ ಬಿಟ್ಟು ಕದಲಲಿಲ್ಲ. ಪಟ್ಟಕ್ಕೆ ಬಂದಾಗ ವಯಸ್ಸು ಐವತ್ತು ದಾಟಿತ್ತು, ದಂಡು ನಡೆಸಿದ ಅನುಭವ ಇರಲಿಲ್ಲ. ಸಿಂಹಾಸನ ಗಟ್ಟಿಯಾಗಲು ಒಂದು ಗೆಲುವು ಬೇಕಿತ್ತು ಅಂತ ಹಲವು ಇತಿಹಾಸಕಾರರ ಲೆಕ್ಕ. ಹೇಡ್ರಿಯನ್ ಗೋಡೆ ಶುರುವಾಗಿದ್ದು 122ರಲ್ಲಿ. ಅದರ ಕೆಲಸ ಪೂರ್ತಿ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಹೇಡ್ರಿಯನ್ ಸತ್ತಿದ್ದೇ ತಡ, ಆ ಗಡಿಯನ್ನು ಬಿಟ್ಟು ಇನ್ನೂ ಉತ್ತರಕ್ಕೆ ಹೋಗುವ ತೀರ್ಮಾನವಾಯಿತು. ಆ ಕೆಲಸಕ್ಕೆ ಆರಿಸಿದ್ದು ಉರ್ಬಿಕಸ್‌ನನ್ನು.

ಆಗ ದಂಡು ಉತ್ತರಕ್ಕೆ ಹೋಗುವ ದಾರಿ ಕಾರ್ಬ್ರಿಜ್ ಮೇಲೇ ಹಾಯುತ್ತಿತ್ತು. ಮೊದಲು ಆಗಬೇಕಾದದ್ದು ಊಟದ ವ್ಯವಸ್ಥೆ, ಅಂದರೆ ಕಣಜ. ಇಲ್ಲಿ ಸಿಕ್ಕ ಎರಡು ಕಲ್ಲುಗಳಲ್ಲಿ ಉರ್ಬಿಕಸ್‌ನ ಉಸ್ತುವಾರಿಯಲ್ಲಿ ಎರಡನೇ ಆಗಸ್ಟಾ ಲೀಜನ್ (ಲೀಜನ್ ಅಂದರೆ ರೋಮನ್ ಸೈನ್ಯದ ದೊಡ್ಡ ದಳ) ಕೆಲಸ ಮಾಡಿದ್ದು ದಾಖಲಾಗಿದೆ. ಒಂದು 139ರದ್ದು, ಇನ್ನೊಂದು 140ರದ್ದು. ಯುದ್ಧಕ್ಕೆ ಮುಂಚಿನ ತಯಾರಿ ಇದು.

ಈಗ ಕಾಣುವ ಕಣಜಗಳು ಆಮೇಲಿನ ಕಾಲದವು. ಚಪ್ಪಡಿಯ ನೆಲ, ಕೆಳಗೆ ಗಾಳಿಯಾಡಲು ಕಾಲುವೆ, ಗೋಡೆಯಲ್ಲಿ ಕಿಂಡಿ. ಕಾಳು ಮುಗ್ಗಬಾರದಲ್ಲ, ಅದಕ್ಕೆ. ಹಳೇ ಕಂದಕಗಳ ಮೇಲೆ ಕಟ್ಟಿದ್ದರಿಂದ ಕೆಲವು ಕಡೆ ಗೋಡೆ-ದಾರಿಗಳೆಲ್ಲ ಕುಸಿದು ಅಲೆ ಅಲೆಯಾಗಿವೆ. ಭಾವ ಕಣಜದ ಕಿಂಡಿಗೆ ಕೈ ಹಾಕಿ ನೋಡಿದರು. "ಐಡಿಯಾ ಚೆನ್ನಾಗಿದೆ" ಅಂದರು. ಇಡೀ ಪ್ರವಾಸದಲ್ಲಿ ಅವರಿಂದ ಸಿಕ್ಕ ದೊಡ್ಡ ಮೆಚ್ಚುಗೆ ಇದೇ.

ಭಾನುವಾರ, ಗ್ಲ್ಯಾಸ್ಗೋ

ಹಂಟೇರಿಯನ್ ಮ್ಯೂಸಿಯಂ ಗ್ಲ್ಯಾಸ್ಗೋ ವಿಶ್ವವಿದ್ಯಾಲಯದ ಒಳಗಿದೆ. 1807ರಲ್ಲಿ ಶುರುವಾದದ್ದು. ಪ್ರವೇಶಕ್ಕೆ ಕಾಸಿಲ್ಲ. ಆಂಟೊನೈನ್ ಗೋಡೆಗೇ ಒಂದು ದೊಡ್ಡ ವಿಭಾಗ ಬಿಟ್ಟಿದ್ದಾರೆ.

ಗೋಡೆ ಅಂದರೆ ಕಲ್ಲಿನ ಗೋಡೆ ಅಂದುಕೊಳ್ಳಬೇಡಿ. ಹುಲ್ಲು ಸಮೇತ ಕತ್ತರಿಸಿದ ಮಣ್ಣಿನ ಹೆಂಟೆಗಳನ್ನು ಒಂದರ ಮೇಲೊಂದು ಪೇರಿಸಿದ್ದು. ಕೆಳಗೆ ಮಾತ್ರ ಸುಮಾರು 4 ಮೀಟರ್ ಅಗಲದ ಕಲ್ಲಿನ ಹಾಸು. ಎತ್ತರ 3 ಮೀಟರ್ ಇದ್ದಿರಬಹುದು. ಉತ್ತರದ ಕಡೆ ಅಗಲವಾದ ಕಂದಕ. ಪೂರ್ವದಲ್ಲಿ ಫೋರ್ತ್ ಕೊಲ್ಲಿಯಿಂದ ಪಶ್ಚಿಮದಲ್ಲಿ ಕ್ಲೈಡ್ ನದಿಯವರೆಗೆ ಸುಮಾರು 60 ಕಿಲೋಮೀಟರ್. ಬ್ರಿಟನ್ನಿನ ಸೊಂಟ ಅತಿ ಸಣ್ಣಗಿರುವ ಜಾಗ ಇದೇ. ಕೆಲಸ ಶುರುವಾದದ್ದು 142ರ ಸುಮಾರಿಗೆ. ಮೂರು ಲೀಜನ್‌ಗಳು ಪಾಲು ಹಂಚಿಕೊಂಡು ಕಟ್ಟಿದವು.

ಪಾಲು ಮುಗಿದ ಮೇಲೆ ಒಂದೊಂದು ಗುಂಪೂ ಕೆತ್ತನೆಯ ಫಲಕ ನಿಲ್ಲಿಸಿತು. ಇಷ್ಟು ಉದ್ದ ನಾವು ಕಟ್ಟಿದೆವು ಅಂತ. ಈಗ ಸಿಕ್ಕಿರುವವುಗಳಲ್ಲಿ ಹೆಚ್ಚಿನವು ಈ ಹಾಲ್‌ನಲ್ಲೇ ಇವೆ. ರೆಕ್ಕೆಯ ವಿಜಯದೇವತೆ, ಕೈ ಕಟ್ಟಿಸಿಕೊಂಡು ಕೂತ ಕೈದಿಗಳು, ಇಪ್ಪತ್ತನೇ ಲೀಜನ್ನಿನ ಗುರುತಾದ ಕಾಡುಹಂದಿ. ಕಲ್ಲಿನ ಮೇಲೆ ಕೆಂಪು, ಹಳದಿ ಬಣ್ಣದ ಅಂಶ ಉಳಿದಿರುವುದನ್ನು ಸಂಶೋಧಕರು ಕಂಡುಹಿಡಿದಿದ್ದಾರೆ. ಈಗ ಬೂದು ಬಣ್ಣಕ್ಕಿರುವ ಇವೆಲ್ಲ ಒಂದು ಕಾಲಕ್ಕೆ ನಮ್ಮ ತೇರಿನ ಗೊಂಬೆಗಳಷ್ಟೇ ಢಾಳಾಗಿದ್ದವು. ಹೀಗೇ ಸಿಕ್ಕ ಒಂದು ಫಲಕವನ್ನು ಅಮೆರಿಕಕ್ಕೆ ಒಯ್ದರಂತೆ. 1871ರ ಶಿಕಾಗೋ ಬೆಂಕಿಯಲ್ಲಿ ಅದು ಹೋಯಿತು. ಅದರ ಅಚ್ಚು ಮಾತ್ರ ಇಲ್ಲಿದೆ.

ಫಲಕಗಳನ್ನು ಸಾಲಾಗಿ ಓದುತ್ತಾ ಹೋದರೆ ಒಂದು ವಿಷಯ ಗೊತ್ತಾಗುತ್ತದೆ. ಚಕ್ರವರ್ತಿಯ ಹೆಸರು ಬಿರುದು ಬಾವಲಿ ಸಮೇತ ಇದೆ. ಲೀಜನ್ನಿನ ಹೆಸರಿದೆ. ಎಷ್ಟು ಹೆಜ್ಜೆ ಉದ್ದ ಅನ್ನುವುದೂ ಇದೆ. ಗವರ್ನರ್ ಹೆಸರು ಎಲ್ಲೂ ಇಲ್ಲ.

ಉರ್ಬಿಕಸ್ ಸಿಗಬೇಕಾದರೆ ಬಾಲ್ಮುಯಿಲ್ಡಿ ಕೋಟೆಯಿಂದ ಬಂದ ಒಡೆದ ಕಲ್ಲಿನ ಹತ್ತಿರ ಹೋಗಬೇಕು. ಕಳೆದುಹೋದ ಅಕ್ಷರಗಳನ್ನು ವಿದ್ವಾಂಸರು ತುಂಬಿಕೊಂಡಿದ್ದಾರೆ. ಈ ಗೋಡೆಗೂ ಅವನಿಗೂ ಇರುವ ಕಲ್ಲಿನ ಸಾಕ್ಷಿ ಆ ಒಂದು ಕೋಟೆಯದ್ದೇ. ಇದನ್ನು ಬಿಟ್ಟರೆ ಆಂಟೊನೈನಸ್‌ನ ಜೀವನ ಹೇಳುವ ಹಳೇ ಲ್ಯಾಟಿನ್ ಬರಹದಲ್ಲಿ ಒಂದು ವಾಕ್ಯ ಇದೆ: ಲೊಲ್ಲಿಯಸ್ ಉರ್ಬಿಕಸ್‌ನ ಮೂಲಕ ಬ್ರಿಟನ್ನರನ್ನು ಗೆದ್ದ, ಅವರನ್ನು ಹಿಂದಕ್ಕಟ್ಟಿ ಮಣ್ಣಿನ ಇನ್ನೊಂದು ಗೋಡೆ ಕಟ್ಟಿಸಿದ ಅಂತ. ಮುಗಿಯಿತು.

ಸಂಜೆ ಬೇರ್ಸ್‌ಡೆನ್‌ಗೆ ಹೋದೆವು. ಫ್ಲ್ಯಾಟುಗಳ ಪಕ್ಕದಲ್ಲೇ ರೋಮನ್ ಸ್ನಾನಗೃಹದ ತಳಪಾಯ, ಜೊತೆಗೆ ಸೈನಿಕರ ಸಾಲು ಕಕ್ಕಸು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವರಿಗೆ ನಮ್ಮಂಥವರನ್ನು ನೋಡಿ ಅಭ್ಯಾಸವಾಗಿರಬೇಕು, ತಿರುಗಿಯೂ ನೋಡಲಿಲ್ಲ. ಆ ಕಕ್ಕಸಿನ ಹೊಲಸು ಹರಿದು ಕಂದಕದಲ್ಲಿ ನಿಂತಿತ್ತು. ಅಗೆದವರು ಅದನ್ನೇ ಪರೀಕ್ಷೆ ಮಾಡಿಸಿದರು. ಗೋಧಿ, ಬಾರ್ಲಿ, ಅಂಜೂರ, ಗಸಗಸೆ, ಕೊತ್ತಂಬರಿ ಬೀಜ ಸಿಕ್ಕವು. ಹೊಟ್ಟೆಹುಳದ ಮೊಟ್ಟೆಗಳೂ ಸಿಕ್ಕವು. ಮಾಂಸಕ್ಕಿಂತ ಕಾಳು-ಕಡಿಯೇ ಜಾಸ್ತಿ ತಿಂದಿದ್ದಾರೆ. "ಕೊತ್ತಂಬರಿ ಬೀಜ, ಗಸಗಸೆ ಎರಡೂ ಇದ್ದ ಮೇಲೆ ಹುಳಿ ಮಾಡಿಕೊಂಡಿರ್ತಾರೆ ಬಿಡಿ" ಅಂದಳು ಅಕ್ಕ, ರಾತ್ರಿ ಊಟಕ್ಕೆ ಕೂತಾಗ.

ಸೋಮವಾರ, ಬಾರ್ ಹಿಲ್, ರಫ್ ಕಾಸಲ್

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಟ್ವೆಕರ್ ಅನ್ನುವ ಊರಲ್ಲಿ ಕಾರು ನಿಲ್ಲಿಸಿ ಗುಡ್ಡ ಹತ್ತಿದೆವು. ಗೋಡೆಯ ಉದ್ದಕ್ಕೂ ಇದ್ದ ಕೋಟೆಗಳಲ್ಲಿ ಅತಿ ಎತ್ತರದ್ದು ಬಾರ್ ಹಿಲ್. ಮೇಲೆ ನಿಂತರೆ ಉತ್ತರಕ್ಕೆ ಇಡೀ ಕಣಿವೆ ಕಾಣುತ್ತದೆ. ಗಾಳಿ ಕೊಡೆಯನ್ನು ಮಗುಚಿ ಹಾಕಿತು. ಇಲ್ಲಿ ಕಾವಲಿಗಿದ್ದವರಲ್ಲಿ ಒಂದು ಪಡೆ ಸಿರಿಯಾದ ಬಿಲ್ಲುಗಾರರದ್ದು. ಅಲ್ಲಿನ ಬಿಸಿಲಲ್ಲಿ ಬೆಳೆದವರು ಈ ಚಳಿಯಲ್ಲಿ ಬಿಲ್ಲು ಹಿಡಿದು ನಿಂತಿದ್ದಾರೆ, ಪಾಪ. ಇಲ್ಲಿ ಅಗೆದಾಗ ಚರ್ಮದ ಚಪ್ಪಲಿ-ಬೂಟುಗಳ ರಾಶಿಯೇ ಸಿಕ್ಕಿತು. ಹಂಟೇರಿಯನ್‌ನಲ್ಲಿ ಅವನ್ನು ನಿನ್ನೆ ನೋಡಿದ್ದೆ. ಮಕ್ಕಳ ಪಾದದಳತೆಯವೂ ಇದ್ದವು. ಗಡಿ ಅಂದರೆ ಗಂಡಸರು, ಕತ್ತಿ, ಗುರಾಣಿ ಅಂತ ತಲೆಯಲ್ಲಿ ಕೂತಿರುತ್ತದೆ. ನಮ್ಮ ಅಂಗೈಯಷ್ಟು ಉದ್ದದ ಒಂದು ಚಪ್ಪಲಿ ನೋಡಿದರೆ ಸಾಕು, ಲೆಕ್ಕವೆಲ್ಲ ತಪ್ಪುತ್ತದೆ.

ಮಧ್ಯಾಹ್ನ ಫಾಲ್ಕಿರ್ಕ್ ವೀಲ್ ಹತ್ತಿರ ಪುಳಿಯೋಗರೆ ಬಿಚ್ಚಿದೆವು. ದೋಣಿಗಳನ್ನು ತೊಟ್ಟಿ ಸಮೇತ ಮೇಲೆತ್ತುವ ದೊಡ್ಡ ಚಕ್ರ ಅದು, 2002ರಲ್ಲಿ ಶುರುವಾದದ್ದು. ಭಾವ ಅದನ್ನು ನೋಡುತ್ತಾ ನಿಂತವರು ಅಲ್ಲಾಡಲಿಲ್ಲ. ಅವರನ್ನು ಎಬ್ಬಿಸಿಕೊಂಡು ಹಿಂದಿನ ಕಾಡು ದಾರಿಯಲ್ಲಿ ರಫ್ ಕಾಸಲ್‌ಗೆ ನಡೆದೆ.

ಗೋಡೆ ಗೋಡೆ ಅನ್ನಿಸುವುದು ಇಲ್ಲಿಯೇ. ಮಣ್ಣಿನ ದಿಬ್ಬ, ಆಳವಾದ ಕಂದಕ, ಎಲ್ಲವೂ ಹುಲ್ಲು ಹೊದ್ದುಕೊಂಡು ನಿಂತಿವೆ. ಕಂದಕದ ಆಚೆ ಉತ್ತರಕ್ಕೆ ಹತ್ತು ಸಾಲು ಗುಂಡಿಗಳು. ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಗುಂಡಿ ಬರುವ ಹಾಗೆ ತೋಡಿದ್ದಾರೆ. ಒಳಗೆ ಚೂಪು ಗೂಟ ನೆಟ್ಟು ಮೇಲೆ ಸೊಪ್ಪು ಮುಚ್ಚುತ್ತಿದ್ದರು. ಓಡಿ ಬಂದವನ ಕಾಲು ಅಲ್ಲಿಗೆ ಮುಗಿಯಿತು. ರೋಮನ್ ಸೈನಿಕರು ಇವಕ್ಕೆ ಲಿಲ್ಲಿ ಹೂವಿನ ಹೆಸರಿಟ್ಟು ಕರೆಯುತ್ತಿದ್ದರು, ಅವರ ತಮಾಷೆಯೇ ಹಾಗೆ.

"ಇಷ್ಟು ದೂರ ನಡೆಸಿದ್ದು ಈ ಗುಂಡಿ ತೋರ್ಸೋಕಾ?" ಅಂದರು ಭಾವ. ಆಮೇಲೆ ತಾವೇ ಗುಂಡಿಗಳ ನಡುವೆ ಅಂಕುಡೊಂಕಾಗಿ ಓಡಿ ದಾಟಲು ಆಗುತ್ತಾ ಅಂತ ನೋಡಿದರು. ಆಗಲಿಲ್ಲ.

ಮಂಗಳವಾರ, ಎಡಿನ್‌ಬರೋ

ಇದು ಒಂದೇ ಕಲ್ಲಿಗಾಗಿ ಹೋದ ದಿನ. ಗೋಡೆಯ ಪೂರ್ವದ ತುದಿ ಬೊನೆಸ್ ಹತ್ತಿರ ಬ್ರಿಜ್‌ನೆಸ್‌ನಲ್ಲಿ 1868ರಲ್ಲಿ ಸಿಕ್ಕ ಫಲಕ. ಫಲಕಗಳಲ್ಲೆಲ್ಲ ದೊಡ್ಡದು. ಸ್ಕಾಟ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ನಡುವೆ ಬರಹ, ಎರಡನೇ ಆಗಸ್ಟಾ ಲೀಜನ್ 4652 ಹೆಜ್ಜೆ ಉದ್ದ ಕಟ್ಟಿತು ಅಂತ. ಬಲಕ್ಕೆ ಹೋರಿ, ಕುರಿ, ಹಂದಿ ಬಲಿ ಕೊಡುವ ದೃಶ್ಯ. ಎಡಕ್ಕೆ ಈಟಿ ಎತ್ತಿದ ಕುದುರೆ ಸವಾರ. ಕುದುರೆ ಕಾಲ ಕೆಳಗೆ ನಾಲ್ಕು ಜನ ಬೆತ್ತಲೆ ಬಿದ್ದಿದ್ದಾರೆ. ಒಬ್ಬನ ತಲೆ ಮುಂಡದಿಂದ ಬೇರೆಯಾಗಿದೆ.

ಆ ನಾಲ್ಕು ಜನರ ಮುಖ ನೋಡಿ. ನೋವೂ ಇಲ್ಲ, ಸಿಟ್ಟೂ ಇಲ್ಲ. ಕೆತ್ತಿದವನಿಗೆ ಅವರ ಪಾಡು ಬೇಕಾಗಿರಲಿಲ್ಲ.

ಈ ಯುದ್ಧದ ಗೌರವ ಯಾರಿಗೆ ಹೋಯಿತು ಗೊತ್ತಾ? ಫ್ರಾಂಟೊ ಅಂತ ಒಬ್ಬ ಹೆಸರಾಂತ ಭಾಷಣಕಾರ. ಮುಂದೆ ಚಕ್ರವರ್ತಿಯಾದ ಮಾರ್ಕಸ್ ಆರೀಲಿಯಸ್‌ಗೆ ಗುರು. ಬ್ರಿಟನ್ ಯುದ್ಧ ಮುಗಿದಾಗ ಅವನು ಆಂಟೊನೈನಸ್‌ನನ್ನು ಹೊಗಳಿದ. ಅರಮನೆಯಲ್ಲೇ ಕೂತು ಬೇರೊಬ್ಬನಿಗೆ ಯುದ್ಧ ವಹಿಸಿದರೂ, ಚುಕ್ಕಾಣಿ ಹಿಡಿದವನ ಹಾಗೆ ಇಡೀ ಪಯಣದ ಕೀರ್ತಿ ದೊರೆಗೇ ಸಲ್ಲಬೇಕು ಅಂತ. ಆ "ಬೇರೊಬ್ಬ" ನಮ್ಮ ಉರ್ಬಿಕಸ್. ಫ್ರಾಂಟೊನ ಊರು ಉತ್ತರ ಆಫ್ರಿಕಾದ, ಈಗಿನ ಆಲ್ಜೀರಿಯಾದ ಸಿರ್ಟಾ. ಉರ್ಬಿಕಸ್‌ನ ಊರು ಅದೇ ಸಿರ್ಟಾದ ಸೀಮೆಯ ತಿದ್ದಿಸ್ ಅನ್ನುವ ಹಳ್ಳಿ. ನೆರೆಯವನೇ ಹೀಗೆ ಮಾಡಿದ ಮೇಲೆ ಇನ್ನು ಯಾರನ್ನು ದೂರುವುದು?

ಗೋಡೆಯೂ ಬಹಳ ದಿನ ಬಾಳಲಿಲ್ಲ. 160ರ ದಶಕದ ಹೊತ್ತಿಗೆಲ್ಲ ರೋಮನ್ನರು ಅದನ್ನು ಬಿಟ್ಟು ವಾಪಸ್ ಹೇಡ್ರಿಯನ್ ಗೋಡೆಗೇ ಬಂದರು.

ಬುಧವಾರ, ದಾರಿಯಲ್ಲಿ

ಉರ್ಬಿಕಸ್‌ನ ಊರು ನೋಡಲು ಹೊರಟೆ. ಪ್ಯಾರಿಸ್, ಅಲ್ಲಿಂದ ಆಲ್ಜೀರ್ಸ್, ಅಲ್ಲಿಂದ ಇನ್ನೊಂದು ಸಣ್ಣ ವಿಮಾನ. ಆಲ್ಜೀರಿಯಾದ ವೀಸಾ ಮೊದಲೇ ಮಾಡಿಸಿಕೊಂಡಿದ್ದೆ. ಒಂದು ನಿಲ್ದಾಣದಲ್ಲಿ ನನ್ನ ಬ್ಯಾಗು ಹಿಂದೆ ಉಳಿಯಿತು, ಮಾರನೇ ದಿನ ಬಂತು. ಕಾಯುವ ಹೊತ್ತಿಗೆ ಉರ್ಬಿಕಸ್‌ನ ಕೊನೆಯ ಹುದ್ದೆಯ ಬಗ್ಗೆ ಓದಿಕೊಂಡೆ.

ಬ್ರಿಟನ್ನಿನಿಂದ ಹೋದ ಮೇಲೆ ಅವನು ರೋಮ್ ನಗರದ ಪ್ರಿಫೆಕ್ಟ್ ಆದ. ನಗರದ ಪೊಲೀಸು, ಕೋರ್ಟು ಎರಡೂ ಅವನ ಕೈಯಲ್ಲಿ. ಸೆನೆಟರ್ ಒಬ್ಬ ಏರಬಹುದಾದ ಮೆಟ್ಟಿಲುಗಳಲ್ಲಿ ಹೆಚ್ಚುಕಡಿಮೆ ಕೊನೆಯದು. ಇಲ್ಲಿ ಅವನು ಎರಡು ಸಲ ನಮ್ಮ ಕಣ್ಣಿಗೆ ಬೀಳುತ್ತಾನೆ, ಎರಡೂ ಸಲ ನ್ಯಾಯಾಧೀಶನಾಗಿ.

ಮೊದಲನೆಯದು ಒಂದು ಉಯಿಲಿನ ಕೇಸು. ಆಫ್ರಿಕಾದ ಲೇಖಕ ಅಪುಲಿಯಸ್ ತನ್ನ ಮೇಲಿನ ಮಾಟದ ಆರೋಪಕ್ಕೆ ಉತ್ತರ ಕೊಡುವಾಗ, ಎದುರಾಳಿಯ ಮಾನ ತೆಗೆಯಲು ಇದನ್ನು ಎತ್ತುತ್ತಾನೆ. ಆ ಎದುರಾಳಿ ತನ್ನ ಸೋದರಮಾವನ ಉಯಿಲು ಖೋಟಾ ಅಂತ ಹಟ ಹಿಡಿದಿದ್ದನಂತೆ. ಉರ್ಬಿಕಸ್ ಉಯಿಲು ಸರಿ ಅಂತ ತೀರ್ಪು ಕೊಟ್ಟ. ಆದರೂ ಆಸಾಮಿ ಬಾಯಿ ಮುಚ್ಚಲಿಲ್ಲ, ಶಿಕ್ಷೆಯಿಂದ ಕೂದಲೆಳೆಯಲ್ಲಿ ಪಾರಾದ.

ಎರಡನೆಯದು ಅಷ್ಟು ಹಗುರವಲ್ಲ. ಕ್ರೈಸ್ತ ಲೇಖಕ ಜಸ್ಟಿನ್ ಬರೆದಿಟ್ಟದ್ದು. ರೋಮ್‌ನಲ್ಲಿ ಒಬ್ಬಳು ಕ್ರೈಸ್ತಳಾಗಿ ಗಂಡನನ್ನು ಬಿಟ್ಟಳು. ಗಂಡ ಸಿಟ್ಟಿನಿಂದ ಅವಳ ಗುರು ಟಾಲೆಮಿಯಸ್ ಮೇಲೆ ದೂರು ಕೊಡಿಸಿದ. ಉರ್ಬಿಕಸ್ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: ನೀನು ಕ್ರೈಸ್ತನಾ? ಹೌದು ಅಂದ. ಮರಣದಂಡನೆ. ಅಲ್ಲೇ ನಿಂತಿದ್ದ ಲೂಸಿಯಸ್ ಅನ್ನುವವನು ತಡೆಯಲಾರದೆ ಕೇಳಿದ, ಕಳ್ಳನಲ್ಲ, ಕೊಲೆಗಾರನಲ್ಲ, ಬರೀ ಹೆಸರಿಗಾಗಿ ಇವನನ್ನು ಶಿಕ್ಷಿಸುವುದು ಯಾವ ನ್ಯಾಯ ಅಂತ. "ನೀನೂ ಅವರ ಪೈಕಿಯೇ ಅನ್ನಿಸುತ್ತೆ" ಅಂದ ಉರ್ಬಿಕಸ್. ಹೌದು ಅಂದ ಲೂಸಿಯಸ್. ಅವನನ್ನೂ ಎಳೆದುಕೊಂಡು ಹೋದರು. ಆಮೇಲೆ ಮೂರನೆಯವನೊಬ್ಬನನ್ನೂ.

ಕಾರ್ಬ್ರಿಜ್‌ನಿಂದ ಅವನ ಪರ ವಕಾಲತ್ತು ಮಾಡಿಕೊಂಡು ಬಂದವನಿಗೆ ಇದನ್ನು ಓದಿದ ಮೇಲೆ ಕಾಫಿ ರುಚಿಸಲಿಲ್ಲ. ಕಾನೂನು ಹಾಗಿತ್ತು ಅನ್ನಬಹುದು. ಹಾಗೇ ಇತ್ತು. ಆದರೂ ಒಂದು ಪ್ರಶ್ನೆ ಜಾಸ್ತಿ ಕೇಳಬಹುದಿತ್ತು ಅಲ್ವಾ?

ಗುರುವಾರ, ಶುಕ್ರವಾರ, ಕಾನ್‌ಸ್ಟಂಟೈನ್

ಹಳೇ ಸಿರ್ಟಾವೇ ಈಗಿನ ಕಾನ್‌ಸ್ಟಂಟೈನ್. ಹೆಸರು ಬದಲಾಗಿದ್ದು ನಾಲ್ಕನೇ ಶತಮಾನದಲ್ಲಿ, ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲಕ್ಕೆ. ರುಮೆಲ್ ನದಿ ಬಂಡೆಯನ್ನು ಕೊರೆದು ಮಾಡಿದ ಕಮರಿ ಊರನ್ನು ಬಹುಪಾಲು ಸುತ್ತುವರಿದಿದೆ. ಹಲವು ಕಡೆಯಿಂದ ಊರೊಳಗೆ ಬರಬೇಕಾದರೆ ಸೇತುವೆ ದಾಟಬೇಕು. ಸಿದಿ ಮ್ಸಿದ್ ತೂಗುಸೇತುವೆ 1912ರದ್ದು. ಕೆಳಗೆ ನೋಡಿದರೆ ಸುಮಾರು 175 ಮೀಟರ್ ಆಳ. ನಾನು ಅರ್ಧದವರೆಗೆ ಹೋಗಿ ಕಂಬಿ ಹಿಡಿದು ನಿಂತೆ, ಪಕ್ಕದಲ್ಲಿ ಶಾಲೆ ಹುಡುಗಿಯರು ನಗುತ್ತಾ ಓಡಿಹೋದರು.

ಶುಕ್ರವಾರ ಅಲ್ಲಿ ವಾರದ ರಜೆ. ಅಂಗಡಿಗಳು ಬಾಗಿಲು ಹಾಕಿದ್ದವು. ಸುಮ್ನೆ ತಿರುಗಾಡಿದೆ. ಕಡಲೆಕಾಳು ಬೇಯಿಸಿ ಮೇಲೆ ಧಾರಾಳವಾಗಿ ಆಲಿವ್ ಎಣ್ಣೆ ಸುರಿದು ಕೊಡುವ ಸಾರು ಸಿಕ್ಕಿತು. ರೊಟ್ಟಿ ಮುರಿದು ಹಾಕಿಕೊಂಡು ಎರಡು ಬಟ್ಟಲು ಹೊಡೆದೆ.

ಶನಿವಾರ, ತಿದ್ದಿಸ್

ಕಾನ್‌ಸ್ಟಂಟೈನ್‌ನಿಂದ ವಾಯವ್ಯಕ್ಕೆ 30 ಕಿಲೋಮೀಟರ್ ಆಸುಪಾಸು. ಡ್ರೈವರ್‌ಗೆ ಫ್ರೆಂಚ್, ಅರಬ್ಬಿ ಎರಡೂ ಬರುತ್ತಿತ್ತು. ನನಗೆ ಎರಡೂ ಬರುತ್ತಿರಲಿಲ್ಲ. ಮೊಬೈಲ್ ಅನುವಾದ ಮಾಡಿದಷ್ಟೇ ಮಾತು.

ತಿದ್ದಿಸ್ ಇರುವುದು ಕೆಂಪು ಮಣ್ಣಿನ ಗುಡ್ಡದ ಇಳಿಜಾರಿನಲ್ಲಿ. ಕಲ್ಲು, ಮಣ್ಣು, ಗೋಡೆ ಎಲ್ಲ ಇಟ್ಟಿಗೆ ಬಣ್ಣ. ಸಮತಟ್ಟು ಅನ್ನುವುದೇ ಇಲ್ಲ. ಕಮಾನಿನ ಬಾಗಿಲು ದಾಟಿದ ಮೇಲೆ ಚಪ್ಪಡಿ ಹಾಸಿದ ಬೀದಿ ಕಡಿದಾಗಿ ಮೇಲೇರುತ್ತದೆ. ಪಕ್ಕದಲ್ಲಿ ಬಂಡೆ ಕೊರೆದು ಮಾಡಿದ ಮಿತ್ರ ದೇವರ ಗುಡಿ. ಇಲ್ಲಿ ಕುಂಬಾರಿಕೆ ಚೆನ್ನಾಗಿ ನಡೆಯುತ್ತಿತ್ತು. ನೀರಿಗೆ ಮಾತ್ರ ಗತಿ ಇರಲಿಲ್ಲ. ಎಲ್ಲಿ ನೋಡಿದರೂ ಮಳೆನೀರಿನ ತೊಟ್ಟಿ. ಗಾರೆ ಬಳಿದ ಒಂದು ತೊಟ್ಟಿಯೊಳಗೆ ಇಳಿದು ನೋಡಿದೆ, ಗೋಡೆ ಇನ್ನೂ ನುಣ್ಣಗಿದೆ. ಆಂದ್ರೆ ಬರ್ತಿಯೆ ಅನ್ನುವ ಫ್ರೆಂಚ್ ಸಂಶೋಧಕ 1941ರಿಂದ ಇಲ್ಲಿ ಅಗೆದ ಮೇಲೆಯೇ ಊರು ಹೊರಗೆ ಬಂದದ್ದು.

ಫೋರಂ, ಅಂದರೆ ಊರಿನ ಚೌಕ, ಅಂದಾಗ ರೋಮ್‌ನದ್ದನ್ನು ನೆನೆಯಬೇಡಿ. ಗುಡ್ಡ ಬಿಟ್ಟುಕೊಟ್ಟಷ್ಟು ಜಾಗ, ಒಂದು ಮನೆಯ ಅಂಗಳಕ್ಕಿಂತ ಸ್ವಲ್ಪ ದೊಡ್ಡದು. ಊರವರು ಉರ್ಬಿಕಸ್‌ನ ವಿಗ್ರಹ ನಿಲ್ಲಿಸಿದ್ದು ಈ ಊರಲ್ಲಿ. ಅದರ ಪೀಠದ ಬರಹದಿಂದಲೇ ಅವನ ನೌಕರಿಯ ಪೂರ್ತಿ ಪಟ್ಟಿ ನಮಗೆ ಗೊತ್ತು.

ಸೆನೆಟಿಗೆ ಸೇರಲು 10 ಲಕ್ಷ ಸೆಸ್ಟರ್ಸ್ (ರೋಮನ್ ನಾಣ್ಯ) ಆಸ್ತಿ ಬೇಕಿತ್ತು. ಅಪ್ಪ ಮಾರ್ಕಸ್ ಲೊಲ್ಲಿಯಸ್ ಸೆನೆಸಿಯೊ ದೊಡ್ಡ ಜಮೀನ್ದಾರನೇ ಇರಬೇಕು. ರೋಮನ್ ಹೆಸರಿಟ್ಟುಕೊಂಡ ಸ್ಥಳೀಯ ಬರ್ಬರ್ ಕುಟುಂಬ ಅಂತ ಹೆಚ್ಚಿನವರ ಅಭಿಪ್ರಾಯ. ವಂಶದಲ್ಲಿ ಮೊದಲ ಸೆನೆಟರ್ ಇವನೇ. ಸೆನೆಟರ್ ಮಗನಲ್ಲದವನಿಗೆ ಆ ವರ್ಗದ ಗುರುತಾದ ಅಗಲ ಪಟ್ಟಿಯ ಅಂಗಿ ಹಾಕಲು ಚಕ್ರವರ್ತಿಯ ಕೃಪೆ ಬೇಕು. ಅದೂ ಸಿಕ್ಕಿತು. ಮೊದಲು ರೋಮ್‌ನಲ್ಲಿ ರಸ್ತೆ ನೋಡಿಕೊಳ್ಳುವ ನಾಲ್ವರಲ್ಲಿ ಒಬ್ಬ. ಆಮೇಲೆ ಇಪ್ಪತ್ತೆರಡನೇ ಲೀಜನ್ನಿನಲ್ಲಿ ಟ್ರಿಬ್ಯೂನ್ ಅನ್ನುವ ಸೇನಾಧಿಕಾರಿ, ಆ ಲೀಜನ್ ರೈನ್ ನದಿ ದಂಡೆಯ ಮೈನ್ಸ್‌ನಲ್ಲಿತ್ತು. ಮತ್ತೆ ರೋಮ್‌ನಲ್ಲಿ ಕ್ವೆಸ್ಟರ್, ಅಂದರೆ ಖಜಾನೆ ನೋಡಿಕೊಳ್ಳುವ ಅಧಿಕಾರಿ. ಏಷ್ಯಾ ಪ್ರಾಂತ್ಯದ ಗವರ್ನರ್‌ಗೆ ಸಹಾಯಕ. ಜನರ ಪರ ನಿಲ್ಲುವ ಟ್ರಿಬ್ಯೂನ್, ನ್ಯಾಯ ನೋಡಿಕೊಳ್ಳುವ ಪ್ರೇಟರ್, ಎರಡಕ್ಕೂ ಚಕ್ರವರ್ತಿಯೇ ನಿಲ್ಲಿಸಿದ ಅಭ್ಯರ್ಥಿ. ಅಂದರೆ ಸೋಲುವ ಮಾತೇ ಇಲ್ಲ. ಈಗಿನ ವಿಯೆನ್ನಾದಲ್ಲಿದ್ದ ಹತ್ತನೇ ಲೀಜನ್ನಿಗೆ ಮುಖ್ಯಸ್ಥ.

ಆಮೇಲೆ ಬಂತು ಯೆಹೂದಿಗಳ ನಾಡು ಯೂದಾಯ. 132ರಲ್ಲಿ ಅಲ್ಲಿ ರೋಮ್ ವಿರುದ್ಧ ಬಾರ್ ಕೊಖ್ಬಾನ ಬಂಡಾಯ ಎದ್ದಾಗ ಉರ್ಬಿಕಸ್ ಹೇಡ್ರಿಯನ್‌ನ ಲೆಗೇಟ್, ಅಂದರೆ ಪ್ರತಿನಿಧಿ ಅಧಿಕಾರಿಯಾಗಿ ಯುದ್ಧಕ್ಕೆ ಹೋದ. ಆ ಯುದ್ಧದಲ್ಲಿ 50 ಕೋಟೆ, 985 ಹಳ್ಳಿ ನಾಶವಾದವು ಅಂತ ಇತಿಹಾಸಕಾರ ಕ್ಯಾಸಿಯಸ್ ಡಿಯೊ ಬರೆಯುತ್ತಾನೆ. ಉರ್ಬಿಕಸ್‌ಗೆ ಬಹುಮಾನ ಬಂದದ್ದು ಮೊನೆಯಿಲ್ಲದ ಒಂದು ಗೌರವದ ಈಟಿ, ಒಂದು ಚಿನ್ನದ ಕಿರೀಟ. ಪೀಠದ ಮೇಲೆ ಅದನ್ನೂ ಬರೆಸಿದ್ದಾರೆ. 135 ಅಥವಾ 136ರಲ್ಲಿ ಕಾನ್ಸಲ್ ಅನ್ನುವ ಉನ್ನತ ಹುದ್ದೆ. ಕೊನೆಗೆ ಕೆಳ ಜರ್ಮೇನಿಯಾದ ಗವರ್ನರ್.

ಪಟ್ಟಿ ಅಲ್ಲಿಗೆ ನಿಲ್ಲುತ್ತದೆ. ಬ್ರಿಟನ್ ಇಲ್ಲ. ವಿಗ್ರಹ ನಿಲ್ಲಿಸಿದಾಗ ಅವನಿನ್ನೂ ಅಲ್ಲಿಗೆ ಹೋಗಿರಲಿಲ್ಲ.

ಸರಿ, ಸಮಾಧಿಯಲ್ಲಾದರೂ ಇರಬೇಕಲ್ಲ ಅಂತ ಹೊರಟೆ. ತಿದ್ದಿಸ್‌ನಿಂದ ಉತ್ತರಕ್ಕೆ ಸುಮಾರು 4 ಕಿಲೋಮೀಟರ್. ಹೊಲಗಳ ನಡುವೆ ಕೆತ್ತಿದ ಕಲ್ಲಿನ ದುಂಡನೆಯ ಕಟ್ಟಡ. ಅಡ್ಡಳತೆ 10 ಮೀಟರ್, ಎತ್ತರ ಅದರ ಅರ್ಧ. ಕಲ್ಲುಗಳ ಜೋಡಣೆ ಎಷ್ಟು ಬಿಗಿ ಅಂದರೆ ಕೆಲವು ಸಂದಿಗೆ ಉಗುರು ಕೂಡ ಹೋಗಲಿಲ್ಲ. ಸ್ಕಾಟ್ಲೆಂಡಿನಲ್ಲಿ ಮಣ್ಣಲ್ಲಿ ಕಟ್ಟಿಸಿದವನು ಮನೆಯವರಿಗೆ ಮಾತ್ರ ಗಟ್ಟಿ ಕಲ್ಲನ್ನೇ ಹಾಕಿಸಿದ್ದಾನೆ.

ಇಲ್ಲಿನ ಬರಹ ಚಿಕ್ಕದು. ತಂದೆ ಸೆನೆಸಿಯೊ. ತಾಯಿ ಗ್ರೇನಿಯಾ ಹೊನೊರಾಟಾ. ಸಹೋದರರು ಲೂಸಿಯಸ್ ಮತ್ತು ಮಾರ್ಕಸ್. ಸೋದರಮಾವ ಪಬ್ಲಿಯಸ್ ಗ್ರೇನಿಯಸ್ ಪಾಲಸ್. ಇವರಿಗಾಗಿ ಕಟ್ಟಿಸಿದವನು ಉರ್ಬಿಕಸ್, ನಗರದ ಪ್ರಿಫೆಕ್ಟ್. ಕಾನ್ಸಲ್ ಆದದ್ದು, ಚಿನ್ನದ ಕಿರೀಟ, ಬ್ರಿಟನ್, ಯಾವುದೂ ಇಲ್ಲ. ಆ ಒಂದು ಹುದ್ದೆ ಹೇಳಿದರೆ ಊರಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು ಅಂತ ಕಾಣುತ್ತದೆ. ಸೋದರಮಾವನನ್ನು ಮರೆಯಲಿಲ್ಲ ನೋಡಿ, ಅದು ನನಗೆ ಹಿಡಿಸಿತು.

ಭಾವನಿಗೆ ಫೋಟೊ ಕಳಿಸಿದೆ. "ಗೋಡೆ ಬಗ್ಗೆ ಅವನೇ ಏನೂ ಹೇಳಿಕೊಂಡಿಲ್ಲ, ನೀನ್ಯಾಕೆ ಅಷ್ಟು ಜಗಳ ಆಡ್ತೀಯ?" ಅಂತ ಉತ್ತರ ಬಂತು. ಎಡಿನ್‌ಬರೋದ ಕಲ್ಲಿನಲ್ಲಿ ಕುದುರೆ ಕೆಳಗೆ ಬಿದ್ದವರ ಪರವಾಗಿ ಜಗಳ ಆಡಬೇಕಿತ್ತೇನೋ ಅಂತ ನನಗೂ ಅನ್ನಿಸಿತ್ತು. ಅದನ್ನು ಬರೆಯಲಿಲ್ಲ, ಸಿಗ್ನಲ್ ಇರಲಿಲ್ಲ.

ಹೋಗುವವರಿಗೆ ಒಂದು ಮಾತು. ಟ್ಯಾಕ್ಸಿಯನ್ನು ಇಡೀ ದಿನಕ್ಕೆ ಮಾತಾಡಿಕೊಳ್ಳಿ. ತಿದ್ದಿಸ್ ಅಂದರೆ ಡ್ರೈವರ್‌ಗೆ ಗೊತ್ತಾಗುತ್ತದೆ, ಸಮಾಧಿ ಅಂದರೆ ಗೊತ್ತಾಗದೆ ಇರಬಹುದು. ಫೋಟೊ ಇಟ್ಟುಕೊಂಡಿರಿ. ನನ್ನ ಡ್ರೈವರ್ ದಾರಿಯಲ್ಲಿ ಮೂರು ಕಡೆ ನಿಲ್ಲಿಸಿ ಕೇಳಿದ. ಕೊನೆಗೆ ಕುರಿ ಕಾಯುತ್ತಿದ್ದ ಹುಡುಗನೊಬ್ಬ ಫೋಟೊ ನೋಡಿ, ಮಾತಾಡದೆ ಕೈ ತೋರಿಸಿದ. ನೀರು ಜಾಸ್ತಿ ಒಯ್ಯಿರಿ, ನಾನು ಹೋದಾಗ ಮೇಲೆ ಒಂದು ಅಂಗಡಿಯೂ ಕಾಣಲಿಲ್ಲ.